ಈಸ್ಟ್ ಇಂಡಿಯಾ ಕಂಪನಿಗೆ ಸ್ವಂತ ಮಿಲಿಟರಿ ಶಾಲೆ ಇತ್ತಾ?

ಇತ್ತು. ಆದರೆ ಇಂಡಿಯಾದಲ್ಲಲ್ಲ, ಲಂಡನ್ ಹತ್ತಿರದ ಕ್ರಾಯ್ಡನ್‌ನಲ್ಲಿ. ಹೆಸರು ಅಡಿಸ್ಕೋಂಬ್. 1809ರಲ್ಲಿ ಕಂಪನಿ ಅಲ್ಲೊಂದು ದೊಡ್ಡ ಬಂಗಲೆ ಕೊಂಡು ಶಾಲೆ ಶುರು ಮಾಡಿತು. ಹದಿನೈದು, ಹದಿನಾರರ ಹುಡುಗರಿಗೆ ಗಣಿತ, ಕೋಟೆ ಕಟ್ಟುವ ವಿದ್ಯೆ, ಸರ್ವೆ, ಜೊತೆಗೆ ಹಿಂದೂಸ್ತಾನಿ ಭಾಷೆ. ಓದಿನಲ್ಲಿ ಮುಂದಿದ್ದವರಿಗೆ ಎಂಜಿನಿಯರ್ ಹುದ್ದೆ, ನಂತರದವರಿಗೆ ಫಿರಂಗಿ ದಳ, ಉಳಿದವರಿಗೆ ಕಾಲಾಳು ಪಡೆ. ರ‍್ಯಾಂಕ್ ಚಿಂತೆ ಆಗಲೂ ಇತ್ತು ನೋಡಿ!

ನಮಗೂ ಇದರ ನಂಟಿದೆ. ಬೆಂಗಳೂರಿನ ಸ್ಯಾಂಕಿ ಕೆರೆ ಗೊತ್ತಲ್ವಾ? ಅದನ್ನು ಕಟ್ಟಿಸಿದ, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯ ನಕ್ಷೆ ಮಾಡಿದ ರಿಚರ್ಡ್ ಸ್ಯಾಂಕಿ ಓದಿದ್ದು ಅಲ್ಲೇ. ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್ ಕೂಡ.

1857ರ ದಂಗೆ ಆದ ಮೇಲೆ ಇಂಡಿಯಾದ ಆಡಳಿತ ಕಂಪನಿಯಿಂದ ಬ್ರಿಟನ್ ರಾಣಿಯ ಕೈಗೆ ಹೋಯಿತು. 1861ರಲ್ಲಿ ಶಾಲೆ ಮುಚ್ಚಿತು. ಈಗ ಅಲ್ಲಿ ಸುಮ್ನೆ ಮನೆಗಳು. ರಸ್ತೆಗಳ ಹೆಸರು ಮಾತ್ರ 1857ರ ಕಾಲದ ಗವರ್ನರ್ ಜನರಲ್ ಕ್ಯಾನಿಂಗ್, ಸೇನಾಪತಿಗಳಾದ ಹ್ಯಾವ್‌ಲಾಕ್, ಔಟ್ರಮ್ ಅವರದು.