ಸಿಗಾರ್ ಕತ್ತರಿಸಿ ಕಿಡಿ ಹಾರಿಸುವ ಹಳೇ ಪೆಟ್ಟಿಗೆ

ಪ್ರಶ್ನೆ: ನಮ್ಮೂರು ದಾವಣಗೆರೆ, ಈಗ ಕೆಲಸದ ಮೇಲೆ ಅಮೆರಿಕದ ಓಹಾಯೋದಲ್ಲಿದ್ದೇನೆ. ಇಲ್ಲಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಓಕ್ ಮರದ ಒಂದು ಪೆಟ್ಟಿಗೆ ಕೊಂಡೆ. ಅದರ ಮುಂಭಾಗದಲ್ಲಿ ಬೆರಳು ತೂರುವಷ್ಟು ತೂತು, ಒಳಗೆ ಬ್ಲೇಡು. ಮೇಲೆ ಹಿತ್ತಾಳೆಯ ಚಿಕ್ಕ ಟ್ಯಾಂಕು, ಅದರಲ್ಲಿ ಹಿಡಿ ಇರುವ ಒಂದು ಕೋಲು ನಿಂತಿದೆ. ಕೋಲಿನ ತುದಿಯಲ್ಲಿ ಬತ್ತಿ. ಪಕ್ಕದಲ್ಲಿ ಲೋಹದ ಕಡ್ಡಿಯೊಂದು ಮೇಲಕ್ಕೆ ಎದ್ದಿದೆ. ಹಿಂದಿನ ಬಾಗಿಲು ತೆಗೆದರೆ ಒಂದು ಕಾಯಿಲ್, ನಾಲ್ಕೈದು ತಂತಿ, ಒಂದಷ್ಟು ಖಾಲಿ ಜಾಗ. ಅಂಗಡಿಯವರು ‘ಜಂಪ್ ಸ್ಪಾರ್ಕ್ ಸಿಗಾರ್ ಲೈಟರ್’ ಎಂದರು. ಇದು ಹೇಗೆ ಕೆಲಸ ಮಾಡುತ್ತಿತ್ತು? ಬೆಂಕಿಕಡ್ಡಿ ಇದ್ದ ಕಾಲದಲ್ಲಿ ಇಷ್ಟೆಲ್ಲ ಯಾಕೆ ಬೇಕಿತ್ತು? ರಿಪೇರಿ ಮಾಡಿ ಮತ್ತೆ ಹಚ್ಚಬಹುದಾ?

ಉತ್ತರ: ಒಳ್ಳೇ ವಸ್ತು ಸಿಕ್ಕಿದೆ ನಿಮಗೆ. ಇಂಥ ಪೆಟ್ಟಿಗೆಗಳು ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಅಮೆರಿಕದ ಸಿಗಾರ್ ಅಂಗಡಿ, ಹೋಟೆಲು, ಬಾರುಗಳ ಕೌಂಟರ್ ಮೇಲೆ ಇರುತ್ತಿದ್ದವು. ಕೆಲವದರ ಮೇಲೆ ‘ಮಿಡ್‌ಲ್ಯಾಂಡ್ ಜಂಪ್ ಸ್ಪಾರ್ಕ್’ ಎಂಬ ಹೆಸರಿರುತ್ತದೆ. ನೀವಿರುವ ಓಹಾಯೋದಲ್ಲೇ, ಸಿನ್ಸಿನಾಟಿಯ ಬ್ರನ್‌ಹಾಫ್ ಕಂಪನಿ ಕೌಂಟರ್ ಮೇಲಿಡುವ ಸಿಗಾರ್ ಕಟರುಗಳಿಗೆ ಹೆಸರಾಗಿತ್ತು. ನಿಮ್ಮದು ಯಾರದ್ದೆಂದು ಫೋಟೊ ಇಲ್ಲದೆ ಹೇಳುವುದಿಲ್ಲ. ತಳದಲ್ಲೋ ಹಿಂಬಾಗಿಲ ಒಳಗೋ ತಗಡಿನ ಪಟ್ಟಿ ಇದೆಯಾ ನೋಡಿ.

ಮೊದಲು ಕತ್ತರಿಸುವ ವಿಚಾರ. ನಮ್ಮ ಚುಟ್ಟಾ ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ತಿರುಚಿನಾಪಳ್ಳಿಯ ಚುಟ್ಟಾದ ಎರಡೂ ತುದಿ ತೆರೆದಿರುತ್ತವೆ, ಹಾಗೇ ಹಚ್ಚಿ ಸೇದಬಹುದು. ಸಿಗಾರ್ ಹಾಗಲ್ಲ. ಬಾಯಿಗಿಡುವ ತುದಿಗೆ ಎಲೆಯ ಚೂರನ್ನು ಅಂಟಿಸಿ ಟೊಪ್ಪಿ ಹಾಕಿರುತ್ತಾರೆ. ಹೊರಗಿನ ಎಲೆ ಬಿಚ್ಚಿಕೊಳ್ಳದಿರಲಿ, ಒಳಗೆ ಒಣಗದಿರಲಿ ಅಂತ. ಆ ಟೊಪ್ಪಿ ತೆಗೆಯದೆ ಹೊಗೆ ಬರುವುದಿಲ್ಲ. ಒಂದೆರಡು ಮಿಲಿಮೀಟರ್ ತೆಗೆದರೆ ಸಾಕು, ಜಾಸ್ತಿ ಕತ್ತರಿಸಿದರೆ ಇಡೀ ಸಿಗಾರ್ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ನಿಮ್ಮ ಪೆಟ್ಟಿಗೆಯ ತೂತು ಒಳಗೆ ಹೋಗುತ್ತಾ ಕಿರಿದಾಗಿರಬೇಕು. ತುದಿ ಮಾತ್ರ ಬ್ಲೇಡಿಗೆ ಸಿಗುವ ಹಾಗೆ.

ಈ ಕಟರುಗಳಲ್ಲಿ ಎರಡು ಬಗೆ. ಒಂದರಲ್ಲಿ ಕೈಯಿಂದ ಸನ್ನೆ ಒತ್ತಿದರೆ ಬ್ಲೇಡು ಇಳಿಯುತ್ತದೆ. ಇನ್ನೊಂದು ಕೀಲಿ ಕೊಡುವಂಥದ್ದು. ಒಳಗೆ ಗಡಿಯಾರದಲ್ಲಿರುವಂಥ ಸ್ಪ್ರಿಂಗು, ಸಿಗಾರ್ ತುದಿಯನ್ನು ತೂತಿಗೆ ಒತ್ತಿದ ಕೂಡಲೇ ಕೊಂಡಿ ತಪ್ಪಿ ಬ್ಲೇಡು ಟಕ್ಕಂತ ಹೊಡೆಯುತ್ತದೆ. ಎರಡರಲ್ಲೂ ಕತ್ತರಿಸುವ ಕೆಲಸ ಸ್ಪ್ರಿಂಗಿನದು ಇಲ್ಲವೇ ಕೈಯದು, ಕರೆಂಟಿನದಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಬ್ಲೇಡಿನ ಸನ್ನೆಗೆ ತಂತಿ ಬಂದಿದೆಯಾ ಗಮನಿಸಿ. ಬಂದಿದ್ದರೆ ಅದು ಸುಮ್ನೆ ಸ್ವಿಚ್ಚಿನ ಕೆಲಸಕ್ಕೆ ಇರುತ್ತದೆ. ಬ್ಲೇಡಿಗೆ ಬೆರಳು ಹಾಕಿ ಪರೀಕ್ಷೆ ಮಾಡಬೇಡಿ. ನೂರು ವರ್ಷದ ಸ್ಪ್ರಿಂಗು ಸತ್ತಿದೆ ಅಂತ ನಂಬೋದು ಬೇಡ.

ಈಗ ಕಿಡಿಗೆ ಬರೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಈ ಯಂತ್ರದಲ್ಲಿ ಕಿಡಿ ಸಿಗಾರನ್ನು ಹಚ್ಚುವುದಿಲ್ಲ. ಕಿಡಿ ಹಚ್ಚುವುದು ಬತ್ತಿಯನ್ನು, ಬತ್ತಿ ಹಚ್ಚುವುದು ಸಿಗಾರನ್ನು. ಕಿಡಿಯ ಬಿಸಿ ಭಯಂಕರ, ಸಾವಿರಾರು ಡಿಗ್ರಿ. ಆದರೆ ಅದರಲ್ಲಿರುವ ಶಕ್ತಿ ತೀರಾ ಅಲ್ಪ. ಅದುಮಿ ಸುತ್ತಿದ ತಂಬಾಕಿನ ಎಲೆಯನ್ನು ಕೆಂಡ ಮಾಡಲು ಅದಕ್ಕೆ ತಾಕತ್ತಿಲ್ಲ. ಪೆಟ್ರೋಲಿನ ಆವಿಗಾದರೆ ಒಂದು ಮಿಲಿಜೂಲಿಗಿಂತ ಕಡಿಮೆ ಶಕ್ತಿಯೂ ಸಾಕು. ಆದ್ದರಿಂದ ಟ್ಯಾಂಕಿನಲ್ಲಿ ಇದ್ದದ್ದು ಪೆಟ್ರೋಲು ಅಥವಾ ಅದರಂತೆಯೇ ಬೇಗ ಆವಿಯಾಗುವ ಹಗುರ ಎಣ್ಣೆ. ಸೀಮೆಎಣ್ಣೆ ನಡೆಯುತ್ತಿರಲಿಲ್ಲ. ಸೀಮೆಎಣ್ಣೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಅದು ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬೇಕು. ಪೆಟ್ರೋಲಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಆವಿ ಬಿಡುತ್ತದೆ. ಓಹಾಯೋದ ಚಳಿಗಾಲದಲ್ಲೂ ಬತ್ತಿಯ ಸುತ್ತ ಹೊತ್ತಿಕೊಳ್ಳಲು ತಯಾರಾದ ಗಾಳಿ ಇದ್ದೇ ಇರುತ್ತಿತ್ತು.

ಗಿರಾಕಿ ಮಾಡಬೇಕಾದದ್ದು ಇಷ್ಟೇ. ಕೋಲನ್ನು ಟ್ಯಾಂಕಿನಿಂದ ಎತ್ತಿ, ಅದರ ಲೋಹದ ತುದಿಯನ್ನು ಆ ಎದ್ದು ನಿಂತ ಕಡ್ಡಿಯ ಹತ್ತಿರ ತರುವುದು. ಚಟಚಟ ಕಿಡಿ, ಬತ್ತಿ ಹೊತ್ತಿತು. ಸಿಗಾರ್ ಹಚ್ಚಿಕೊಂಡು ಕೋಲನ್ನು ಮತ್ತೆ ಟ್ಯಾಂಕಿಗೆ ಇಳಿಸಿದರೆ ಮುಚ್ಚಳ ಕೂತು ಗಾಳಿ ಸಿಗದೆ ಉರಿ ಆರುತ್ತದೆ. ಉರಿಯುವ ಕೋಲನ್ನು ಪೆಟ್ರೋಲ್ ಟ್ಯಾಂಕಿಗೇ ಇಳಿಸುವುದು ಎಂದರೆ ಇವತ್ತು ನಮಗೆ ಎದೆ ಝಲ್ ಅನ್ನುತ್ತೆ, ಅಲ್ವಾ? ಆಗ ದಿನವಿಡೀ ಮಾಡುತ್ತಿದ್ದರು.

ಕಿಡಿ ಹುಟ್ಟುವುದು ಆ ಕಾಯಿಲಿನಲ್ಲಿ. ಖಾಲಿ ಜಾಗ ಅಂದಿರಲ್ಲ, ಅದರ ಎತ್ತರ ಅಳೆಯಿರಿ. 6 ಇಂಚಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಅಲ್ಲಿ ‘ನಂಬರ್ 6’ ಡ್ರೈ ಸೆಲ್ಲುಗಳು ಕೂರುತ್ತಿದ್ದವು ಎಂದು ಧೈರ್ಯವಾಗಿ ಹೇಳಬಹುದು. 6 ಇಂಚು ಎತ್ತರ, ಎರಡೂವರೆ ಇಂಚು ದಪ್ಪದ ಈ ಸೆಲ್ಲುಗಳು ಆಗ ಟೆಲಿಫೋನಿಗೂ ಕರೆಗಂಟೆಗೂ ಕಾರಿಗೂ ಬಳಕೆಯಲ್ಲಿದ್ದವು. ಒಂದೊಂದರಿಂದ ಒಂದೂವರೆ ವೋಲ್ಟು. ನಾಲ್ಕನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟು.

ಆದರೆ ಗಾಳಿಯಲ್ಲಿ ಒಂದು ಮಿಲಿಮೀಟರ್ ಕಿಡಿ ಹಾರಲು ಸುಮಾರು 3,000 ವೋಲ್ಟು ಬೇಕು. 6ನ್ನು ಸಾವಿರಗಳಿಗೆ ಏರಿಸುವುದೇ ಕಾಯಿಲಿನ ಕೆಲಸ. ಮೆದು ಕಬ್ಬಿಣದ ತಂತಿಗಳ ಕಟ್ಟಿನ ಮೇಲೆ ಮೊದಲು ದಪ್ಪ ತಂತಿ, ಕೆಲವೇ ಸುತ್ತು. ಅದರ ಮೇಲೆ ಕೂದಲಿನಂಥ ತಂತಿ, ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಕರೆಂಟು ಹರಿದಾಗ ಕಬ್ಬಿಣ ಅಯಸ್ಕಾಂತವಾಗಿ, ತುದಿಯಲ್ಲಿರುವ ಒಂದು ಸ್ಪ್ರಿಂಗ್ ಪಟ್ಟಿಯನ್ನು ಎಳೆಯುತ್ತದೆ. ಕರೆಂಟು ಬರುವುದೇ ಆ ಪಟ್ಟಿಯ ಮೂಲಕ. ಪಟ್ಟಿ ಸರಿದರೆ ಸಂಪರ್ಕ ತಪ್ಪಿತು, ಅಯಸ್ಕಾಂತ ಸತ್ತಿತು. ಪಟ್ಟಿ ಹಿಂದಕ್ಕೆ ಬಡಿಯಿತು, ಮತ್ತೆ ಸಂಪರ್ಕ. ಸೆಕೆಂಡಿಗೆ ನೂರಾರು ಸಲ ಹೀಗೆ ಆಗುವುದರಿಂದ ‘ಗುಂಯ್’ ಎಂಬ ಸದ್ದು ಬರುತ್ತದೆ. ಪ್ರತಿ ಸಲ ಸಂಪರ್ಕ ತಪ್ಪಿದಾಗ ಅಯಸ್ಕಾಂತದ ಬಲ ತಟ್ಟನೆ ಕುಸಿಯುತ್ತದೆ. ಆ ಕುಸಿತವೇ ತೆಳು ತಂತಿಯಲ್ಲಿ ಸಾವಿರಾರು ವೋಲ್ಟು ಎಬ್ಬಿಸುತ್ತದೆ.

ಇಲ್ಲಿ ತಟ್ಟನೆ ಅನ್ನೋದು ಮುಖ್ಯ. ನಿಧಾನ ಕುಸಿದರೆ ವೋಲ್ಟೇಜ್ ಏಳುವುದಿಲ್ಲ. ಸಂಪರ್ಕದ ಜಾಗದಲ್ಲೇ ಕಿಡಿ ಹಾರಿ ಕರೆಂಟು ಎಳೆದಾಡಿಕೊಂಡು ನಿಂತರೆ ಕೆಲಸ ಕೆಟ್ಟಿತು. ಅದನ್ನು ತಪ್ಪಿಸಲು ಅಲ್ಲಿಗೊಂದು ಕಂಡೆನ್ಸರ್, ಅಂದರೆ ವಿದ್ಯುತ್ತನ್ನು ಕ್ಷಣಹೊತ್ತು ಹಿಡಿದಿಡುವ ಭಾಗ, ಜೋಡಿಸುವ ಉಪಾಯವನ್ನು 1853ರಲ್ಲಿ ಫ್ರಾನ್ಸಿನ ಫಿಜೋ ತೋರಿಸಿದ. ಬೆಳಕಿನ ವೇಗ ಅಳೆದನಲ್ಲ, ಅದೇ ಫಿಜೋ. ನಿಮ್ಮ ಪೆಟ್ಟಿಗೆಯಲ್ಲೂ ಕಾಯಿಲಿನ ಪಕ್ಕದಲ್ಲೋ ಅಡಿಯಲ್ಲೋ ತವರದ ಹಾಳೆ, ಮೇಣ ಹಚ್ಚಿದ ಕಾಗದ ಸುತ್ತಿದ ಒಂದು ಚಪ್ಪಟೆ ಕಟ್ಟು ಇರಬೇಕು. ಕಸ ಅಂದುಕೊಂಡು ಬಿಸಾಡಬೇಡಿ.

ಕಾಯಿಲು ಇನ್ನೂ ಹಳೆಯದು. ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ನಿಕೋಲಸ್ ಕ್ಯಾಲನ್ 1836ರಲ್ಲೇ ಇಂಥದ್ದನ್ನು ಮಾಡಿದ್ದರು. ಪ್ಯಾರಿಸ್ಸಿನ ರೂಮ್‌ಕಾರ್ಫ್ ಅದನ್ನು ಸುಧಾರಿಸಿ ಹೆಸರು ಮಾಡಿದ. 1860ರಲ್ಲಿ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನಿನೊಳಗೆ ಬೆಂಕಿ ಹಚ್ಚಲು ಇದನ್ನೇ ಬಳಸಿದ. ಅಲ್ಲಿಂದ ಕಾರಿಗೆ ಬಂತು. 1908ರಿಂದ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಇಂಥವೇ ನಾಲ್ಕು ಕಾಯಿಲುಗಳು ಮರದ ಡಬ್ಬಿಗಳಲ್ಲಿ ಕೂತು ಗುಂಯ್‌ಗುಟ್ಟುತ್ತಿದ್ದವು. ‘ಜಂಪ್ ಸ್ಪಾರ್ಕ್’ ಅನ್ನುವುದೂ ಎಂಜಿನ್ ಮೆಕ್ಯಾನಿಕ್‌ಗಳ ಮಾತೇ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮದು ಸಿಗಾರ್ ಲೈಟರ್ ಎನ್ನುವುದಕ್ಕಿಂತ ಎಂಜಿನ್ ಇಲ್ಲದ ಒಂದು ಕಾರು. ಸೆಲ್ಲು, ಕಾಯಿಲು, ಪೆಟ್ರೋಲು, ಕಿಡಿ ಎಲ್ಲವೂ ಮೋಟಾರು ಕಾರಿನ ಸಾಮಾನು. ಕಾರು ಬಂದು ಇವೆಲ್ಲ ಪೇಟೆಯಲ್ಲಿ ಅಗ್ಗವಾಗಿ ಸಿಗದೆ ಇದ್ದಿದ್ದರೆ ಇಂಥ ಪೆಟ್ಟಿಗೆ ಯಾರೂ ಮಾಡುತ್ತಿರಲಿಲ್ಲ.

ಬೆಂಕಿಕಡ್ಡಿ ಇದ್ದೂ ಇದು ಯಾಕೆ? ನಮ್ಮ ಬೀಡಾ ಅಂಗಡಿಯ ಕಂಬಕ್ಕೆ ನೇತುಹಾಕಿದ, ಸದಾ ಹೊಗೆಯಾಡುವ ತೆಂಗಿನ ನಾರಿನ ಹಗ್ಗ ನೆನಪಿಸಿಕೊಳ್ಳಿ. ಕಾರಣ ಅದೇ. ಸಿಗಾರ್ ಕೊಂಡವನಿಗೆ ಅಲ್ಲೇ ಬೆಂಕಿ ಕೊಡುವುದು ಅಂಗಡಿಯವನ ಮರ್ಯಾದೆ, ಆದರೆ ಪುಕ್ಕಟೆ ಕಡ್ಡಿ ಕೊಟ್ಟು ಪೂರೈಸುವುದಿಲ್ಲ. ಅಮೆರಿಕದ ಅಂಗಡಿಗಳಲ್ಲಿ ಮೊದಲು ಗ್ಯಾಸಿನ ಸಣ್ಣ ಉರಿಯನ್ನೋ ಎಣ್ಣೆ ದೀಪವನ್ನೋ ಬೆಳಗಿನಿಂದ ರಾತ್ರಿವರೆಗೆ ಉರಿಸಿಡುತ್ತಿದ್ದರು. ಗಿರಾಕಿ ಇಲ್ಲದಾಗಲೂ ಉರಿ, ಖರ್ಚು, ಜೊತೆಗೆ ಅಪಾಯ. ಕಿಡಿ ಪೆಟ್ಟಿಗೆ ಬೇಕೆಂದಾಗ ಮಾತ್ರ ಉರಿಯುತ್ತದೆ. ಗ್ಯಾಸ್ ಪೈಪು, ಕರೆಂಟು ಇಲ್ಲದ ಊರಲ್ಲೂ ನಡೆಯುತ್ತದೆ. ಇನ್ನು ಅದರ ಮಜಾ ಬೇರೆ. ಕೈಯಲ್ಲಿ ಕಿಡಿ ಹಾರಿಸಲು ಸಿಗುತ್ತದೆ ಅಂದರೆ ಯಾರು ಬರುವುದಿಲ್ಲ?

ಇದು ಬಹಳ ಕಾಲ ನಡೆಯಲಿಲ್ಲ. ಜಾಹೀರಾತು ಅಚ್ಚು ಹಾಕಿದ ಪುಸ್ತಕದಂಥ ಬೆಂಕಿಪೊಟ್ಟಣದ ಖರ್ಚನ್ನು ಜಾಹೀರಾತುದಾರರೇ ಹೊತ್ತರು. 1903ರಲ್ಲಿ ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಕ್ ಕಂಡುಹಿಡಿದ ಕಿಡಿಗಲ್ಲಿನಿಂದ ಲೈಟರು ಜೇಬಿಗೇ ಇಳಿಯಿತು. ಸಿಗಾರಿನ ಜಾಗಕ್ಕೆ ಸಿಗರೇಟು ಬಂತು, ಅದಕ್ಕೆ ಕಟರೇ ಬೇಡ. ನೈರ್ಮಲ್ಯದ ಪ್ರಶ್ನೆಯೂ ಇತ್ತು. ಎಷ್ಟೋ ಜನ ಸಿಗಾರ್ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಯೇ ಆ ತೂತಿಗೆ ಇಡುತ್ತಿದ್ದರು, ಮುಂದಿನವನೂ ಅದೇ ತೂತಿಗೆ. ಕ್ಷಯದ ಭಯದಿಂದ 1909ರಲ್ಲಿ ಕ್ಯಾನ್ಸಸ್ ರಾಜ್ಯ ಎಲ್ಲರೂ ಕುಡಿಯುವ ಒಂದೇ ಲೋಟವನ್ನು ನಿಷೇಧಿಸಿದ ಕಾಲ ಅದು. ಸಾರ್ವಜನಿಕ ಕಟರ್ ಹೇಸಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊನೆಗೆ ರಿಪೇರಿ. ಕಿಡಿ ಬರಿಸಿ ನೋಡಬಹುದು, ಉರಿ ಬೇಡ. ಟ್ಯಾಂಕಿಗೆ ಪೆಟ್ರೋಲು ಹಾಕಲೇಬೇಡಿ. ಅದರ ಬೆಸುಗೆ ಎಲ್ಲಿ ಸೋರುತ್ತದೋ ಗೊತ್ತಾಗುವುದಿಲ್ಲ, ಅಡಿಯಲ್ಲೇ ಕಿಡಿ ಹಾರುವ ಕಾಯಿಲಿದೆ. ಟ್ಯಾಂಕಿನಲ್ಲಿ ಹಳೇ ಎಣ್ಣೆಯ ವಾಸನೆ ಇದ್ದರೆ ಅದು ಪೂರ್ತಿ ಹೋಗುವವರೆಗೆ ಸೆಲ್ಲನ್ನೂ ಜೋಡಿಸಬೇಡಿ. ಬತ್ತಿ ಕಲ್ನಾರಿನದಾಗಿರುವ (ಆಸ್ಬೆಸ್ಟಸ್) ಸಾಧ್ಯತೆ ಇದೆ, ಅದನ್ನು ಬಿಚ್ಚಿ ಹಿಂಜಬೇಡಿ.

ಮಲ್ಟಿಮೀಟರ್ ಇದ್ದರೆ ಮೊದಲು ತೆಳು ತಂತಿಯ ಎರಡು ತುದಿ ಹಿಡಿದು ನೋಡಿ. ಕೆಲವು ಸಾವಿರ ಓಮ್ ತೋರಿಸಿದರೆ ಕಾಯಿಲು ಬದುಕಿದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಅದನ್ನು ಮತ್ತೆ ಸುತ್ತಿಸುವ ಖರ್ಚಿಗೆ ಹೋಗಬೇಡಿ, ಹಾಗೇ ಇಡಿ. ಬದುಕಿದ್ದರೆ ಪಟ್ಟಿಯ ಸಂಪರ್ಕ ಬಿಂದುಗಳನ್ನು ನಯವಾದ ಉಜ್ಜುಕಾಗದದಿಂದ ಮೆಲ್ಲಗೆ ಉಜ್ಜಿ, 6 ವೋಲ್ಟ್ ಲಾಂದ್ರದ ಬ್ಯಾಟರಿ ಒಂದೆರಡು ಸೆಕೆಂಡು ತಾಗಿಸಿ. ಗುಂಯ್ ಅಂದರೂ ಕಿಡಿ ಬರದಿದ್ದರೆ ಹೆಚ್ಚಾಗಿ ತಪ್ಪು ಕಂಡೆನ್ಸರಿನದು. ಆಗ ಹಳೆಯದನ್ನು ಅಲ್ಲೇ ಬಿಟ್ಟು, ಅದರ ತಂತಿ ಬಿಡಿಸಿ, ಸುಮಾರು ಅರ್ಧ ಮೈಕ್ರೋಫ್ಯಾರಡ್, 400 ವೋಲ್ಟಿನ ಹೊಸದೊಂದು ಜೋಡಿಸಿದರಾಯಿತು. ಕಿಡಿ ಕಡ್ಡಿಯನ್ನು ಕೈಯಲ್ಲಿ ಮುಟ್ಟಬೇಡಿ, ಹೊಡೆತ ಜೋರಾಗಿರುತ್ತದೆ. ಎದೆಗೆ ಪೇಸ್‌ಮೇಕರ್ ಇರುವವರು ಆ ಕೋಣೆಯಲ್ಲಿ ಇರುವುದೇ ಬೇಡ.

ಮರಕ್ಕೆ ಹೊಸ ಪಾಲಿಶ್, ಹಿತ್ತಾಳೆಗೆ ಪಳಪಳ ಹೊಳಪು, ಎರಡೂ ಬೇಡ. ಹಳೇ ಬಣ್ಣ ಹೋದರೆ ಬೆಲೆಯೂ ಹೋಗುತ್ತದೆ.

ಪ್ರಶ್ನೆ: ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಸೆಲ್ಲೂ ಇಲ್ಲ, ಕಾಯಿಲೂ ಇಲ್ಲ. ಆದರೂ ಟಿಕ್ ಅಂದರೆ ಕಿಡಿ ಬರುತ್ತದೆ. ಇದರಿಂದ ಊದುಬತ್ತಿ ಮಾತ್ರ ಹಚ್ಚಲು ಆಗುವುದಿಲ್ಲ, ಯಾಕೆ? (ಓದುಗರು, ಶಿರಸಿ)

ಉತ್ತರ: ಊದುಬತ್ತಿ ಹೊತ್ತದಿರಲು ಕಾರಣ ಮೇಲೆ ಹೇಳಿದ್ದೇ. ಕಿಡಿಗೆ ಗ್ಯಾಸು ಅಥವಾ ಆವಿ ಬೇಕು, ಗಟ್ಟಿ ವಸ್ತುವಿನ ಮುಂದೆ ಅದರ ಆಟ ನಡೆಯುವುದಿಲ್ಲ. ಕಿಡಿಯ ಜಾತಿ ಎರಡರಲ್ಲೂ ಒಂದೇ, ಹುಟ್ಟುವ ರೀತಿ ಬೇರೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಹೋದರರು, ಜಾಕ್ ಮತ್ತು ಪಿಯರ್, ತೋರಿಸಿದರು. ನಿಮ್ಮ ಲೈಟರಿನೊಳಗೆ ಅಂಥ ಗುಣದ ಸೆರಾಮಿಕ್ ತುಂಡಿದೆ. ಗುಂಡಿ ಒತ್ತಿದಾಗ ಸ್ಪ್ರಿಂಗು ಬಿಗಿದು, ಪುಟ್ಟ ಸುತ್ತಿಗೆಯೊಂದು ಅದಕ್ಕೆ ಬಡಿಯುತ್ತದೆ. ಆ ಟಿಕ್ ಸದ್ದು ಸುತ್ತಿಗೆಯದು. ಒಂದೇ ಹೊಡೆತಕ್ಕೆ ಸಾವಿರಾರು ವೋಲ್ಟು ಎದ್ದು ತುದಿಯಲ್ಲಿ ಕಿಡಿ ಹಾರುತ್ತದೆ. ಹಾಲು ಉಕ್ಕಿ ತುದಿ ಒದ್ದೆಯಾದಾಗ ಕಿಡಿ ಬರುವುದಿಲ್ಲ, ಕರೆಂಟು ನೀರಿನಲ್ಲೇ ಹರಿದು ಹೋಗುತ್ತದೆ. ಬಿಸಾಡಬೇಡಿ, ಒರೆಸಿ ಒಣಗಿಸಿ.

ಪ್ರಶ್ನೆ: ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ದುಂಡು ಸಾಕೆಟ್ ಮೊದಲು ಸಿಗಾರ್ ಲೈಟರ್ ಆಗಿತ್ತಂತೆ. ಅದರಲ್ಲೂ ಕಿಡಿಯೇ ಬರುತ್ತಿತ್ತಾ? (ಓದುಗರು, ಮೈಸೂರು)

ಉತ್ತರ: ಲೈಟರ್ ಆಗಿದ್ದು ನಿಜ, ಕಿಡಿ ಸುಳ್ಳು. ಅದರಲ್ಲಿರುವುದು ಕರೆಂಟು ಹರಿದಾಗ ಕೆಂಪಗೆ ಕಾಯುವ ತಂತಿಯ ಸುರುಳಿ. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ನೈಕ್ರೋಮ್ ತಂತಿ 1906ರಲ್ಲಿ ಬಂದ ಮೇಲೆ ಇಂಥದ್ದು ಸುಲಭವಾಯಿತು. ಸುರುಳಿ ತಂಬಾಕಿಗೆ ನೇರವಾಗಿ ಶಾಖ ಕೊಡುತ್ತದೆ, ನಡುವೆ ಬತ್ತಿ, ಪೆಟ್ರೋಲು ಬೇಕಿಲ್ಲ. ಮೊದಮೊದಲು ಅದಕ್ಕೆ ಎಳೆದುಕೊಳ್ಳುವ ತಂತಿ ಇರುತ್ತಿತ್ತು. ತಂತಿಯಿಲ್ಲದೆ ಪೂರ್ತಿ ಕೈಗೆ ಬರುವ ಬಗೆಗೆ 1921ರಲ್ಲಿ ಅಮೆರಿಕದ ಜೋಶುವಾ ಮಾರಿಸ್‌ಗೆ ಪೇಟೆಂಟ್ ಸಿಕ್ಕಿತು. ಈಗಿನ ಎಷ್ಟೋ ಕಾರುಗಳ ಸಾಕೆಟ್ ಬರೀ ಚಾರ್ಜಿಂಗಿಗೆ ಮಾಡಿದ್ದು. ಹಾಗಾಗಿ ಹಳೇ ಲೈಟರ್ ಗುಂಡಿ ಸಿಕ್ಕಿದೆ ಅಂತ ಅದಕ್ಕೆ ತುರುಕಬೇಡಿ. ಸುತ್ತಲಿನ ಪ್ಲಾಸ್ಟಿಕ್ ಆ ಬಿಸಿ ತಡೆಯುವುದಿಲ್ಲ, ಫ್ಯೂಸೂ ಹೋಗಬಹುದು.