ಫ್ರಿಜ್ ತಣ್ಣಗಾಗ್ತಿಲ್ಲ ಅಂದ ತಕ್ಷಣ ಗ್ಯಾಸ್ ಹಾಕಿಸಬೇಡಿ

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ, ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಮೇಲೆ ಫ್ರೀಜರ್‌ನಲ್ಲಿ ಐಸ್ ಆಗುತ್ತದೆ, ಕೆಳಗೆ ಮಾತ್ರ ತಣ್ಣಗಿರುವುದಿಲ್ಲ. ಕಾಯಿಸಿ ಇಟ್ಟ ಹಾಲು ಮರುದಿನಕ್ಕೆ ಒಡೆಯುತ್ತದೆ. ದೋಸೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳ ಎತ್ತಿರುತ್ತದೆ. ಮೆಕ್ಯಾನಿಕ್ ಬಂದವರು ಗ್ಯಾಸ್ ಖಾಲಿ, 3,500 ರೂಪಾಯಿ ಆಗುತ್ತೆ ಅಂದರು. ಹಾಕಿಸಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ಫ್ರಿಜ್ ಗ್ಯಾಸ್ ಅಂದರೆ ಒಲೆಯ ಸಿಲಿಂಡರ್ ಥರ ಉರಿದು ಮುಗಿಯುವ ವಸ್ತು ಅಲ್ಲ. ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ, ಎಲ್ಲಾದರೂ ತೂತು ಬಿದ್ದು ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಹಾಗೆ ಸೋರಿದ್ದರೆ ನಿಮ್ಮ ಫ್ರೀಜರ್ ಕೂಡ ಇಷ್ಟು ಹೊತ್ತಿಗೆ ಸೊರಗಿರುತ್ತಿತ್ತು. ಮೇಲೆ ಗಟ್ಟಿ ಐಸ್, ಕೆಳಗೆ ಬೆಚ್ಚಗೆ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಗಾಳಿಯ ಮೇಲೆ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಣ್ಣಗೆ ಮಾಡುವ ಕಾಯಿಲ್ ಸಾಮಾನ್ಯವಾಗಿ ಒಂದೇ, ಅದು ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಆಚೆ ಇರುತ್ತದೆ. ಒಂದು ಸಣ್ಣ ಫ್ಯಾನ್ ಆ ತಂಪನ್ನು ಕಿಂಡಿಗಳ ಮೂಲಕ ಕೆಳಗೆ ತಳ್ಳುತ್ತದೆ. ಕಾಯಿಲ್ ಮೇಲೆ ಕೂರುವ ಮಂಜನ್ನು ಕರಗಿಸಲು ಅಲ್ಲೇ ಒಂದು ಹೀಟರ್ ಇದೆ, ಅದು ಆಗಾಗ ತಾನಾಗಿಯೇ ಉರಿದು ಆರುತ್ತದೆ. ಈ ಹೀಟರೋ, ಅದರ ಥರ್ಮೋಸ್ಟಾಟೋ, ಟೈಮರೋ ಕೆಟ್ಟರೆ ಮಂಜು ಕರಗುವುದೇ ಇಲ್ಲ, ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಾ ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ನಮ್ಮ ಮನೆಯಲ್ಲಿ ಹೀಗಾದಾಗ ಆ ಹಲಗೆ ಬಿಚ್ಚಿಸಿ ನೋಡಿದ್ದೆ. ಕಾಯಿಲ್ ಕಾಣುತ್ತಲೇ ಇರಲಿಲ್ಲ! ಅರಳೆ ಅದುಮಿ ತುಂಬಿದ ಹಾಗೆ ಬೆಳ್ಳಗೆ ಐಸ್, ಅದರ ನಡುವೆ ಫ್ಯಾನಿನ ಒಂದು ರೆಕ್ಕೆಯ ತುದಿ ಮಾತ್ರ ಇಣುಕುತ್ತಿತ್ತು. ಅವತ್ತೂ ಬಂದವರು ಮೊದಲು ಹೇಳಿದ್ದು ಗ್ಯಾಸ್ ಅಂತಲೇ.

ನೀವೇ ಪರೀಕ್ಷೆ ಮಾಡಬಹುದು, ಖರ್ಚಿಲ್ಲ. ಮೊದಲು ಕೆಳಗಿನ ಭಾಗದ ಕಿಂಡಿಗಳಿಗೆ ಅಡ್ಡವಾಗಿ ಪಾತ್ರೆ, ಸೊಪ್ಪಿನ ಕವರ್ ಇದೆಯಾ ನೋಡಿ, ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಆಮೇಲೆ ಬಾಗಿಲು ತೆಗೆದು, ಚೌಕಟ್ಟಿನಲ್ಲಿರುವ ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ಹಿಡಿದು, ಕಿಂಡಿಯ ಹತ್ತಿರ ಕೈ ಇಡಿ (ಬಾಗಿಲು ತೆಗೆದಾಗ ಸಾಮಾನ್ಯವಾಗಿ ಫ್ಯಾನ್ ನಿಲ್ಲುತ್ತದೆ, ಅದಕ್ಕೇ ಸ್ವಿಚ್ ಒತ್ತಬೇಕು). ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರು) ಓಡುತ್ತಿದ್ದೂ ಗಾಳಿ ಬರುತ್ತಿಲ್ಲ ಅಂದರೆ ಫ್ಯಾನ್ ನಿಂತಿದೆ ಅಥವಾ ದಾರಿ ಕಟ್ಟಿದೆ. ಈಗ ಎಲ್ಲ ಸಾಮಾನು ಹೊರಗೆ ತೆಗೆದು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಕೆಳಗೆ ಹಳೇ ಬಟ್ಟೆ ಹಾಸಿ, ನೀರು ಜಾಸ್ತಿ ಬರುತ್ತದೆ. ಮತ್ತೆ ಆನ್ ಮಾಡಿದ ಮೇಲೆ ಮೊದಲಿನ ಹಾಗೆ ಚೆನ್ನಾಗಿ ತಣ್ಣಗಾಗಿ, ಕೆಲವು ದಿನ ಬಿಟ್ಟು ಪುನಃ ಅದೇ ಕಥೆ ಶುರುವಾದರೆ, ಡಿಫ್ರಾಸ್ಟ್, ಅಂದರೆ ಮಂಜು ಕರಗಿಸುವ ವ್ಯವಸ್ಥೆ, ಕೆಟ್ಟಿದೆ ಅಂತಲೇ ತಿಳಿಯಿರಿ. ಮೆಕ್ಯಾನಿಕ್‌ಗೆ "ಹೀಟರ್, ಥರ್ಮೋಸ್ಟಾಟ್, ಟೈಮರ್ ಮೂರನ್ನೂ ಮೀಟರ್ ಇಟ್ಟು ನೋಡಿ" ಅಂತ ನೇರವಾಗಿ ಹೇಳಿ. ಕೆಲವು ಮಾಡೆಲ್‌ಗಳಲ್ಲಿ ಟೈಮರ್ ಬದಲು ಸೆನ್ಸರ್ ಮತ್ತು ಬೋರ್ಡ್ ಇರುತ್ತದೆ.

ಒಡೆದ ಹಾಲು ಚೆಲ್ಲಿ. ಕೆಳಗಿನ ಭಾಗ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯಿಡೀ ಬಿಟ್ಟು ನೋಡಿದರೆ ಗೊತ್ತಾಗುತ್ತದೆ, ಜ್ವರ ನೋಡುವುದು ಇದಕ್ಕೆ ಬರುವುದಿಲ್ಲ.

ಪ್ರಶ್ನೆ: ನಮ್ಮದು ಹಳ್ಳಿ, ಸಂಜೆ ಹೊತ್ತು ಬಲ್ಬ್ ಕೂಡ ಮಂಕು. ಆಗ ಫ್ರಿಜ್ ಹಿಂದೆ ಗುಂಯ್ ಅಂತ ಶಬ್ದ ಬಂದು ಟಕ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್, ಮತ್ತೆ ಟಕ್. ಒಳಗೆ ತಂಪೇ ಇಲ್ಲ.
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅದು ಕಂಪ್ರೆಸರ್ ಎದ್ದೇಳಲು ಒದ್ದಾಡುವ ಶಬ್ದ. ವೋಲ್ಟೇಜ್ ಸಾಲದೆ ತಿರುಗಲಾರದೆ ಬಿಸಿಯಾಗುತ್ತದೆ, ಓವರ್‌ಲೋಡ್ ಅನ್ನುವ ರಕ್ಷಣೆಯ ಸ್ವಿಚ್ ಟಕ್ ಅಂತ ಕರೆಂಟ್ ಕಡಿದು ಅದನ್ನು ಕಾಪಾಡುತ್ತದೆ. ಇದು ದಿನಾ ನಡೆದರೆ ಕಂಪ್ರೆಸರ್ ಸುಟ್ಟೇ ಹೋಗಬಹುದು, ಅದಕ್ಕೇ ಇವತ್ತಿನಿಂದಲೇ ಸಂಜೆ ಆ ಹೊತ್ತಿಗೆ ಆಫ್ ಮಾಡಿಡಿ, ಸ್ಟೆಬಿಲೈಸರ್ ಹಾಕಿಸಿ. ಕರೆಂಟ್ ಹೋಗಿ ಬಂದಾಗ ಮೂರು ನಿಮಿಷವಾದರೂ ತಡೆದು ಆನ್ ಆಗುವಂಥದ್ದೇ ತಗೊಳ್ಳಿ, ಕೊಳವೆಯೊಳಗಿನ ಒತ್ತಡ ಇಳಿಯಲು ಅಷ್ಟು ಸಮಯ ಬೇಕು. ಬೆಳಿಗ್ಗೆ ವೋಲ್ಟೇಜ್ 230ರ ಹತ್ತಿರ ಇದ್ದಾಗಲೂ ಟಕ್ ಟಕ್ ನಿಲ್ಲದಿದ್ದರೆ ಸ್ಟಾರ್ಟಿಂಗ್ ರಿಲೇ ಹೋಗಿರಬಹುದು. ಕಂಪ್ರೆಸರ್ ಪಕ್ಕದಲ್ಲಿ ಸಿಕ್ಕಿಸುವ ಸಣ್ಣ ಭಾಗ ಅದು, ಕಂಪ್ರೆಸರ್‌ಗೆ ಹೋಲಿಸಿದರೆ ಬೆಲೆ ತೀರಾ ಕಡಿಮೆ. ಕಂಪ್ರೆಸರ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಮೊದಲು ರಿಲೇ ಬದಲಿಸಿ ನೋಡಲು ಹೇಳಿ.

ಪ್ರಶ್ನೆ: ಸಿಂಗಲ್ ಡೋರ್ ಫ್ರಿಜ್. ಫ್ರೀಜರ್‌ನಲ್ಲಿ ಎರಡು ಬೆರಳು ದಪ್ಪ ಐಸ್ ಕಟ್ಟಿದೆ. ಚಾಕುವಿನಲ್ಲಿ ಕೆತ್ತಿ ತೆಗೆಯಲಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬೇಡ. ಆ ಐಸ್ ಅಂಟಿರುವ ತೆಳು ತಗಡಿನೊಳಗೇ ಗ್ಯಾಸ್ ಹರಿಯುತ್ತದೆ. ಚಾಕು ತಗುಲಿ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಖಾಲಿ! ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಇರುವುದು ಆರ್600ಎ, ಅಂದರೆ ಐಸೋಬ್ಯುಟೇನ್, ಬೆಂಕಿ ಹತ್ತುವಂಥದ್ದು. ಕೆತ್ತುವಾಗ ಸುಯ್ ಅಂತ ಸದ್ದು ಬಂದರೆ ಒಲೆ ಹಚ್ಚಬೇಡಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಕಿಟಕಿ ತೆರೆದು ಹೊರಗೆ ಬನ್ನಿ. ಡಿಫ್ರಾಸ್ಟ್ ಬಟನ್ ಒತ್ತಿ ರಾತ್ರಿಯಿಡೀ ಬಿಟ್ಟರೆ ಐಸ್ ತಾನೇ ಬಿಡುತ್ತದೆ. ಇಷ್ಟು ದಪ್ಪ ಬೇಗ ಬೇಗ ಕಟ್ಟುತ್ತಿದ್ದರೆ ಬಾಗಿಲಿನ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸುಮ್ನೆ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಹಿಡಿಯುತ್ತಿಲ್ಲ. ಸೋಪಿನ ನೀರಲ್ಲಿ ಜಿಡ್ಡು ಒರೆಸಿ ಇನ್ನೊಮ್ಮೆ ಎಳೆದು ನೋಡಿ, ಆಗಲೂ ಜಾರಿದರೆ ರಬ್ಬರ್ ಬದಲಿಸಿ.