ಚಿಕ್ಕಮಗಳೂರಿನ ತಂಗಿಗೆ, ಹಾಸನದಿಂದ

ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಮದುವೆಯಾಗಿ ಡಿಸೆಂಬರ್‌ನಲ್ಲಿ ಅಮೆರಿಕದ ಮಿನ್ನಿಯಾಪೊಲಿಸ್‌ಗೆ ಹೋದೆ, ಗಂಡ ಆಫೀಸಿಗೆ ಹೊರಟ ಮೇಲೆ ಇಡೀ ದಿನ ಒಬ್ಬಳೇ, ಸಂಜೆ ಐದಕ್ಕೆಲ್ಲ ಕತ್ತಲು, ಊರಿಂದ ತಂದ ಉಲನ್ ಕಡ್ಡಿ ಬಿಟ್ಟರೆ ಕೈಗೆ ಬೇರೆ ಕೆಲಸ ಇಲ್ಲ ಅಂತ ಬರೆದಿದ್ದೀಯ. ಇಲ್ಲಿ ಏನು ಹೆಣೆಯಲಿ, ಹೆಣೆದದ್ದನ್ನು ಮಾರಬಹುದಾ, ನೀವು ಹೇಗೆ ದಿನ ಕಳೆದಿರಿ ಅಕ್ಕ ಅಂತ ಕೇಳಿದ್ದೀಯ. ನಾನು ಅಲ್ಲಿಗೆ ಹೋಗಿ 17 ವರ್ಷವಾಯಿತು. ಈ ಸಲ ಜನವರಿ ಪೂರ್ತಿ ಹಾಸನದಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ಹಾಗಾಗಿ ನಿನಗೆ ಉತ್ತರ ಬರೆಯೋದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗೋದಿಲ್ಲ.

ಇಲ್ಲಿ ಈಗ ಬೆಳಗ್ಗೆ ಒಳ್ಳೆ ಚಳಿ. ನಿಮ್ಮ ಚಿಕ್ಕಮಗಳೂರು ಕಡೆ ಇನ್ನೂ ಜಾಸ್ತಿ ಇರಬೇಕು, ಕಾಫಿ ಕೊಯ್ಲಿನ ಹೊತ್ತು ಬೇರೆ. ಅಮ್ಮ ಕಟ್ಟಿನಕೆರೆ ಮಾರ್ಕೆಟ್ಟಿಂದ ಅವರೆಕಾಯಿ ತರಿಸಿದ್ದಾರೆ. ಅದನ್ನು ಸುಲಿದು, ಹಿತುಕೋದಕ್ಕೆ ನೀರಿಗೆ ಹಾಕಿ, ಹತ್ತು ಗಂಟೆಗೆ ಕಡ್ಡಿ ಹಿಡಿದು ಹೊರಗೆ ಬಂದು ಕೂರುತ್ತಾರೆ. ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಸರಿಸುತ್ತಾರೆ. ಗೇಟಿನ ಹತ್ತಿರ ಶುರುವಾದ ಕುರ್ಚಿ ಹನ್ನೆರಡರ ಹೊತ್ತಿಗೆ ತುಳಸಿ ಕಟ್ಟೆಯ ಪಕ್ಕ ಇರುತ್ತದೆ. ನಿನ್ನೆ ಪಕ್ಕದ ಮನೆಯವರು ಬಂದರು. ಅಮ್ಮ ಏನೂ ಹೇಳಲಿಲ್ಲ, ಹಸಿರು ಉಲನ್ ಲಡಿ ಬಿಚ್ಚಿದರು ಅಷ್ಟೆ. ಅವರು ಎರಡೂ ಕೈ ಮುಂದೆ ಚಾಚಿದರು. ಲಡಿ ಆ ಕೈಗಳ ಮೇಲೆ, ಉಂಡೆ ಅಮ್ಮನ ಕೈಯಲ್ಲಿ, ಮಾತು ಯಾರದೋ ಮನೆ ಗೃಹಪ್ರವೇಶದ್ದು.

ನನ್ನ ಮೊದಲ ಜನವರಿಯಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಒಂದು ಲಡಿ ಕೊಂಡೆ. ಮನೆಗೆ ತಂದು ಬಿಚ್ಚಿದ ಮೇಲೆ ಗೊತ್ತಾಯಿತು, ಹಿಡಿಯೋದಕ್ಕೆ ಯಾರೂ ಇಲ್ಲ. ಕುರ್ಚಿಯ ಬೆನ್ನಿಗೆ ಲಡಿ ಹಾಕಿ, ಅದರ ಸುತ್ತ ತಿರುಗುತ್ತಾ ಉಂಡೆ ಮಾಡಿದೆ. ಅವತ್ತು ತುಂಬಾ ಅತ್ತೆ. ನಿನ್ನ ಪತ್ರದಲ್ಲಿ ಕಂಡದ್ದು ಅದೇ ಕುರ್ಚಿ ಕಣಮ್ಮ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ದಿನದ ವಿಷಯ. ಅಲ್ಲಿ ಜನವರಿ ಶುರುವಿನಲ್ಲಿ ಸೂರ್ಯ ಹುಟ್ಟೋದು ಎಂಟು ಗಂಟೆ ಹತ್ತಿರ, ಮುಳುಗೋದು ಐದರೊಳಗೆ. ನೀನು ಬೆಳಗ್ಗೆ ಅಡುಗೆ, ಬಟ್ಟೆ ಎಲ್ಲ ಮುಗಿಸಿ, ಮಧ್ಯಾಹ್ನ ಮಲಗಿ, ಆಮೇಲೆ ಕಡ್ಡಿ ಹಿಡಿದರೆ ಅಷ್ಟರಲ್ಲಿ ಬೆಳಕೇ ಹೋಗಿರುತ್ತದೆ. ಬೆಳಕಿರುವ ಹೊತ್ತನ್ನು ಹೆಣಿಗೆಗೆ ಇಡು. ತಿಂಡಿ ಆದಮೇಲೆ ದಕ್ಷಿಣದ ಕಿಟಕಿ ಹತ್ತಿರ ಕೂರು. ಪಾತ್ರೆಯನ್ನು ಕತ್ತಲಾದ ಮೇಲೂ ತೊಳೆಯಬಹುದು. ಜನವರಿ ಕೊನೆಗೆ ಸಂಜೆಗೆ ಸುಮಾರು ಅರ್ಧ ಗಂಟೆ ಬೆಳಕು ಜಾಸ್ತಿ ಸಿಗುತ್ತದೆ. ಅದು ಕಣ್ಣಿಗೇ ಗೊತ್ತಾಗುತ್ತದೆ, ನೋಡುತ್ತಿರು.

ಈಗ ಏನು ಹೆಣೆಯೋದು ಅನ್ನೋದು. ಎಲ್ಲರೂ ಮೊದಲು ದಪ್ಪ ಸ್ವೆಟರ್‌ಗೆ ಕೈ ಹಾಕುತ್ತಾರೆ. ನಾನೂ ಹಾಕಿದ್ದೆ. ಮನೆಯೊಳಗೆ ಹೀಟರ್ 20-21 ಡಿಗ್ರಿಯಲ್ಲಿರುತ್ತದೆ, ದಪ್ಪ ಸ್ವೆಟರ್ ಹಾಕಿಕೊಂಡರೆ ಸೆಕೆ. ಹೊರಗೆ ಮೈನಸ್ 20ರ ಗಾಳಿ ಹೆಣಿಗೆಯ ಸಂದಿಯಲ್ಲಿ ನುಗ್ಗುತ್ತದೆ, ಮೇಲೆ ಜಾಕೆಟ್ ಬೇಕೇ ಬೇಕು. ಆ ದಪ್ಪ ಸ್ವೆಟರ್ ಮೇಲೆ ಜಾಕೆಟ್ ಹಿಡಿಸೋದಿಲ್ಲ. ತೆಳ್ಳನೆಯ ಸ್ವೆಟರ್ ಒಂದು ಸಾಕು. ಕಿವಿ ಮುಚ್ಚುವ ಹಾಗೆ ಅಂಚು ಎರಡು ಮಡಿಕೆ ಬರುವ ಟೋಪಿ, ಕುತ್ತಿಗೆಗೆ ಮಫ್ಲರ್, ಕಾಲುಚೀಲ ಹೆಣೆ. ಕೈಗೆ ಐದು ಬೆರಳಿನ ಗ್ಲೌಸ್ ಬೇಡ. ಹೆಬ್ಬೆರಳು ಬೇರೆ, ಉಳಿದ ನಾಲ್ಕು ಒಟ್ಟಿಗೆ ಇರುವ ಮಿಟನ್ ಹೆಣೆ. ನಾಲ್ಕು ಬೆರಳು ಒಂದಕ್ಕೊಂದು ತಾಗಿಕೊಂಡು ಬೆಚ್ಚಗಿರುತ್ತವೆ, ಹೆಣೆಯೋದೂ ಸುಲಭ.

ದಾರ ಉಣ್ಣೆಯದೇ ಇರಲಿ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ, ಹತ್ತಿ ನೀರು ಹಿಡಿದು ಮೈ ತಣ್ಣಗೆ ಮಾಡುತ್ತದೆ. ಉಣ್ಣೆ ಚುಚ್ಚುತ್ತೆ ಅಂತ ನಮ್ಮವರಿಗೆ ಒಂದು ಹೆದರಿಕೆ. ನಮಗೆ ಗೊತ್ತಿರುವ ಉಣ್ಣೆ ಕಂಬಳಿಯದು ತಾನೇ? ಹಾಸನ ಅಂತಲೇ ಹೆಸರಿರುವ ಕುರಿ ತಳಿ ಇದೆ, ಅದರ ಉಣ್ಣೆ ಒರಟು. ಕಂಬಳಿಗೆ ಸರಿ, ಹಣೆಗೆ ತಾಗುವ ಟೋಪಿಗೆ ಆಗೋದಿಲ್ಲ. ಮೆರಿನೊ ಅಂತ ಬರೆದಿರೋದನ್ನು ತಗೋ, ಅದು ಮೆತ್ತಗಿರುತ್ತದೆ. ಲೇಬಲ್ ಮೇಲೆ ಸೂಪರ್‌ವಾಶ್ ಅಂತ ಇದೆಯಾ ನೋಡು. ಇದ್ದರೆ ಮಷಿನ್‌ಗೆ ಹಾಕಬಹುದು. ಇಲ್ಲದಿದ್ದರೆ ತಣ್ಣೀರಿನಲ್ಲಿ ಕೈಯಲ್ಲೇ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೆಲದ ಮೇಲೆ ಹರಡಿ ಒಣಗಿಸು.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಹೊರಡುವಾಗ ಅಮ್ಮ ಒಳ್ಳೆಯ ಉಣ್ಣೆಯಲ್ಲಿ ಮರೂನ್ ಬಣ್ಣದ ಸ್ವೆಟರ್ ಹೆಣೆದುಕೊಟ್ಟಿದ್ದರು. ಅದನ್ನು ಉಳಿದ ಬಟ್ಟೆ ಜೊತೆ ಬಿಸಿನೀರಿನ ಮಷಿನ್‌ಗೆ, ಆಮೇಲೆ ಡ್ರೈಯರ್‌ಗೆ ಹಾಕಿದೆ. ಉಣ್ಣೆಯ ಎಳೆಗೆ ಮೀನಿನ ಹಾಗೆ ಹುರುಪೆ ಇರುತ್ತದೆ. ಬಿಸಿ ಮತ್ತು ತಿಕ್ಕಾಟಕ್ಕೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡೋದಿಲ್ಲ. ಹೊರಗೆ ತೆಗೆದಾಗ ತೋಳು ನನ್ನ ಗೇಣಿಗಿಂತ ಸ್ವಲ್ಪ ಉದ್ದ ಇತ್ತು. ಕಂಬಳಿಯ ಹಾಗೆ ಬಿಗಿ, ಒಂದು ಹೊಲಿಗೆಯೂ ಬೇರೆಯಾಗಿ ಕಾಣುತ್ತಿರಲಿಲ್ಲ. ಅಮ್ಮನಿಗೆ ಹೇಳೋದಕ್ಕೆ ಮೂರು ವಾರ ಬೇಕಾಯಿತು. ಅದನ್ನು ಬಿಸಾಡಲಿಲ್ಲ. ಮಗಳು ಹುಟ್ಟಿದ ಮೇಲೆ, ಅವಳ ನಾಲ್ಕನೇ ವರ್ಷದ ಚಳಿಗಾಲ ಪೂರ್ತಿ ಅದನ್ನೇ ಹಾಕಿಕೊಂಡಳು.

ಕಡ್ಡಿಯ ನಂಬರಿನ ವಿಷಯ ಮರೀಬೇಡ. ನಮ್ಮೂರಿನ ಕಡ್ಡಿಗೆ ಹಳೇ ಬ್ರಿಟಿಷ್ ಲೆಕ್ಕ, ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ಪೂರ್ತಿ ಉಲ್ಟಾ. ನಮ್ಮ 10 ನಂಬರ್ ಕಡ್ಡಿ 3.25 ಮಿಲಿಮೀಟರ್, ಅಲ್ಲಿಯ 10 ಅಂದರೆ 6 ಮಿಲಿಮೀಟರ್. ಗೊತ್ತಿಲ್ಲದೆ ಅಲ್ಲಿಯ 10 ಕೊಂಡು, ಅಮ್ಮನ ಲೆಕ್ಕದಷ್ಟೇ ಹೊಲಿಗೆ ಹಾಕಿ, ಎರಡು ವಾರ ಹೆಣೆದು ಪೂರ್ತಿ ಬಿಚ್ಚಿದ್ದೇನೆ. ನಂಬರ್ ಬಿಟ್ಟುಬಿಡು, ಮಿಲಿಮೀಟರ್ ನೋಡು. ಅಮ್ಮ ಗೇಣಲ್ಲೇ ಅಳೆಯುತ್ತಾರೆ, ಅವರಿಗೆ ತಪ್ಪೋದಿಲ್ಲ. ನೀನು ಮಾತ್ರ ಹೊಸ ದಾರ ಕೊಂಡಾಗಲೆಲ್ಲ ನಾಲ್ಕು ಇಂಚಿನ ಚೌಕ ಒಂದನ್ನು ಸೀದಾ-ಉಲ್ಟಾ ಹಾಕಿ, ಇಂಚಿಗೆ ಎಷ್ಟು ಹೊಲಿಗೆ ಬರುತ್ತೆ ಅಂತ ಅಳೆದುಕೋ.

ಬೆರಳು ಒಡೆದು ದಾರ ಸಿಕ್ಕಿಕೊಳ್ಳುತ್ತೆ ಅಂದೆಯಲ್ಲ, ಅದು ಹೀಟರ್‌ನ ಒಣ ಗಾಳಿಗೆ. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಒಂದು ತಗೋ. ರಾತ್ರಿ ಹೆಣಿಗೆ ಎತ್ತಿಟ್ಟ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗು. ಹೆಣೆಯುವ ಮೊದಲು ಹಚ್ಚಿದರೆ ಉಣ್ಣೆಗೆ ಕಲೆಯಾಗುತ್ತದೆ.

ಮಾರೋದು ಬೇಡ. ನೀನಿರೋದು ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ, ಕೆಲಸದ ಪರವಾನಗಿ ಇಲ್ಲದೆ ದುಡ್ಡಿಗೆ ಏನೂ ಮಾಡಬಾರದು, ಒಂದು ಟೋಪಿ ಆದರೂ ಅಷ್ಟೆ. 2015ರಿಂದ ಕೆಲವು ಎಚ್-4 ಹೆಂಡತಿಯರಿಗೆ ಪರವಾನಗಿ ಸಿಗುತ್ತಿದೆ, ಆದರೆ ಅದಕ್ಕೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ಅಲ್ಲಿಯವರೆಗೆ ಹೆಣೆದದ್ದನ್ನು ಸುಮ್ನೆ ಕೊಡು, ಕೊಟ್ಟವರ ಮನೆ ಬಾಗಿಲು ನಿನಗೆ ತೆರೆಯುತ್ತದೆ.

ಇನ್ನು ಒಂದೇ ಒಂದು ಕೆಲಸ, ಈ ವಾರವೇ ಮಾಡು. ಮಿನ್ನಿಯಾಪೊಲಿಸ್ ಇರುವ ಹೆನೆಪಿನ್ ಕೌಂಟಿಯ ಲೈಬ್ರರಿ ಕಾರ್ಡ್ ಮಾಡಿಸು, ದುಡ್ಡು ಕೊಡಬೇಕಿಲ್ಲ. ಹೆಣಿಗೆಯ ಪುಸ್ತಕಗಳು ಎಷ್ಟು ಬೇಕಾದರೂ ಸಿಗುತ್ತವೆ. ಹೆಣೆಯುವವರು ಸೇರುವ ದಿನ ಯಾವುದು ಅಂತ ಅಲ್ಲೇ ಕೇಳು. ಇಂಗ್ಲಿಷ್ ಅಷ್ಟು ಬರೋದಿಲ್ಲ ಅಂತ ಹೆದರಬೇಡ. ನಾನು ಮೊದಲ ದಿನ ಒಂದು ಮೂಲೆಯಲ್ಲಿ ಕೂತು, ಏನು ಮಾತಾಡಬೇಕು ತಿಳಿಯದೆ, ಚೀಲದಿಂದ ಲಡಿ ತೆಗೆದೆ. ಪಕ್ಕದಲ್ಲಿದ್ದ ಬಿಳಿ ಕೂದಲಿನ ಹೆಂಗಸು ಏನೂ ಕೇಳದೆ ಎರಡೂ ಕೈ ಮುಂದೆ ಚಾಚಿದರು. ಆ ವರ್ಷ ಸಂಕ್ರಾಂತಿಗೆ ಅವರಿಗೆ ಎಳ್ಳು-ಬೆಲ್ಲ ಕೊಟ್ಟೆ. ನೀನೂ ಕೊಡು, ಆದರೆ ಮೊದಲು ಕೇಳಿಕೊಂಡು ಕೊಡು, ಕಡಲೆಕಾಯಿ ಬೀಜ ಅಲ್ಲಿ ಕೆಲವರಿಗೆ ಅಲರ್ಜಿ.

ನಿನ್ನ ಅಮ್ಮನಿಗೆ ಫೋನ್ ಮಾಡುವಾಗ ಸುಮ್ನೆ ಮುಖ ನೋಡುತ್ತಾ ಕೂರಬೇಡ, ಇಬ್ಬರೂ ಅಳುತ್ತೀರಿ. ನಿನಗೆ ರಾತ್ರಿ ಒಂಬತ್ತು ಅಂದರೆ ಇಲ್ಲಿ ಮಾರನೇ ದಿನ ಬೆಳಗ್ಗೆ ಎಂಟೂವರೆ. ಆ ಹೊತ್ತಿಗೆ ಇಬ್ಬರೂ ಕಡ್ಡಿ ಹಿಡಿದು ಕೂರಿ. ನಾನು ಅಲ್ಲಿಂದ ಹೆಣಿಗೆಯನ್ನು ಫೋನಿನ ಮುಂದೆ ಹಿಡಿದರೆ ಅಮ್ಮ ಇಲ್ಲಿಂದಲೇ ಬಿಟ್ಟುಹೋದ ಹೊಲಿಗೆ ತೋರಿಸುತ್ತಾರೆ. ಕೆಲವು ರಾತ್ರಿ ಹತ್ತು ಸಾಲು ಆಗುವ ತನಕ ನಾವು ಮಾತೇ ಆಡಿರೋದಿಲ್ಲ.

ನಾನು ಫೆಬ್ರವರಿ ಮೊದಲ ವಾರ ವಾಪಸ್ ಬರುತ್ತೇನೆ. ಸಕ್ಕರೆ ಅಚ್ಚು, ಸ್ವಲ್ಪ ಕಾಫಿಪುಡಿ ತರುತ್ತೇನೆ. ಕಡ್ಡಿ ಬೇಕಿದ್ದರೆ ಮಿಲಿಮೀಟರ್ ಬರೆದು ಕಳಿಸು. ನೀನು ಕೊಂಡಿರುವ ಲಡಿಯನ್ನು ಬಿಚ್ಚದೆ ಇಟ್ಟಿರು, ನಾನು ಬಂದು ಹಿಡಿಯುತ್ತೇನೆ.